ಬಾಗಿದ ಬೆನ್ನಿನ ಖರ್ಚು: ಮತ್ತಿಘಟ್ಟದ ಕಡೆಯಿಂದ ಒಂದು ಲೆಕ್ಕ

ಹಾಂಗ್‌ಕಾಂಗ್‌ನ ಶಾಲೆಗಳಲ್ಲಿ 1995ರಿಂದ ಮಕ್ಕಳ ಬೆನ್ನು ನೋಡುವ ಕ್ರಮವಿದೆ. ಐದನೇ ತರಗತಿಯಲ್ಲಿದ್ದ 1,15,190 ಮಕ್ಕಳನ್ನು ಹದಿಹರೆಯ ಮುಗಿಯುವವರೆಗೂ ಗಮನಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅಷ್ಟು ಮಕ್ಕಳಲ್ಲಿ ಎಕ್ಸ್‌ರೇಗೆ ಕಳಿಸಬೇಕಾಗಿ ಬಂದದ್ದು 3,228 ಜನರನ್ನು, ಅಂದರೆ ಶೇ 2.8. ಹಾಗೆ ಹೋದವರಲ್ಲಿ ಶೇ 43.6 ಮಕ್ಕಳ ಬೆನ್ನುಮೂಳೆ 20 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಪಕ್ಕಕ್ಕೆ ಬಾಗಿತ್ತು. ಚಿಕಿತ್ಸೆಯ ಹಂತ ಮುಟ್ಟಿದವರು ಶೇ 9.4. ಸಾವಿರ ಮಕ್ಕಳಿಗೆ ಇಳಿಸಿ ಹೇಳುವುದಾದರೆ 28 ಮಂದಿಗೆ ಎಕ್ಸ್‌ರೇ, 12 ಮಂದಿಗೆ ಲೆಕ್ಕಕ್ಕೆ ಬರುವಷ್ಟು ಬಾಗು. ಚಿಕಿತ್ಸೆ ಬೇಕಾದವರು ಮೂವರೂ ತುಂಬುವುದಿಲ್ಲ.

ಈ ಅಂಕಿಗಳನ್ನು ಘಟ್ಟದ ಮೇಲಕ್ಕೆ ತರೋಣ. 2011ರ ಜನಗಣತಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169. ಒಂದೇ ವರ್ಷ ಹುಟ್ಟಿದ ಮಕ್ಕಳು ಒಟ್ಟು ಜನರಲ್ಲಿ ಶೇ 1.5ರಷ್ಟು ಇರುತ್ತಾರೆ ಎಂದು ಹಿಡಿದರೆ ಸುಮಾರು 21,500. ಗುಣಾಕಾರ ಸುಲಭವಾಗಲೆಂದು 20,000 ಎನ್ನೋಣ. ಹಾಂಗ್‌ಕಾಂಗ್‌ನ ಪ್ರಮಾಣವೇ ಇಲ್ಲಿಗೂ ಹೊಂದಿದರೆ ಜಿಲ್ಲೆಯಲ್ಲಿ ಪ್ರತಿ ವರ್ಷ ಹೊಸದಾಗಿ 560 ಮಕ್ಕಳಿಗೆ ಎಕ್ಸ್‌ರೇ ಬೇಕು, 244 ಮಕ್ಕಳ ಬಾಗು 20 ಡಿಗ್ರಿ ದಾಟಿರುತ್ತದೆ, 53 ಮಕ್ಕಳಿಗೆ ಚಿಕಿತ್ಸೆ ಬೇಕಾಗುತ್ತದೆ. ಇದು ಅಂದಾಜು, ಯಾರೂ ಮನೆಮನೆಗೆ ಹೋಗಿ ಎಣಿಸಿದ್ದಲ್ಲ. ಆದರೂ ಲಕ್ಷವೂ ಅಲ್ಲ, ಹತ್ತೂ ಅಲ್ಲ, ಐವತ್ತರ ಆಸುಪಾಸು ಎಂಬುದು ತಿಳಿದರೆ ಮುಂದಿನ ಮಾತಿಗೆ ಸಾಕು.

ಮತ್ತಿಘಟ್ಟದಂಥ ಊರಿಗೆ ಈ ಲೆಕ್ಕ ಇನ್ನೊಂದು ರೀತಿಯಲ್ಲಿ ಕಾಣುತ್ತದೆ. ಚಿಕಿತ್ಸೆ ಬೇಕಾಗುವ ಮಗು ಸುಮಾರು 380 ಮಕ್ಕಳಿಗೆ ಒಂದು. ಶಿರಸಿ ತಾಲ್ಲೂಕಿನ ಘಟ್ಟದ ಅಂಚಿನ ಶಾಲೆಯೊಂದರಲ್ಲಿ ಇಡೀ ವೃತ್ತಿ ಕಳೆದ ಮಾಸ್ತರರು ಅಂಥ ಒಂದೆರಡು ಮಕ್ಕಳನ್ನು ಕಂಡಿರಬಹುದು, ಕಾಣದೆಯೂ ಇರಬಹುದು. ಕಂಡವರಿಗೂ ಅದು ಕಾಯಿಲೆ ಎಂದು ಹೊಳೆದಿರುವುದು ಅನುಮಾನ. ‘ಸರಿಯಾಗಿ ನಿಲ್ಲೇ, ಸೊಟ್ಟ ನಿಲ್ಲಬೇಡ’ ಎಂದು ಗದರಿಸಿ ಮುಂದಕ್ಕೆ ಹೋಗಿರುತ್ತಾರೆ. ಮನೆಯಲ್ಲಿ ಮೊದಲು ಗುರುತಿಸುವುದು ಸಾಮಾನ್ಯವಾಗಿ ಅಮ್ಮ, ಅದೂ ಬಟ್ಟೆಯ ಮೂಲಕ: ಯೂನಿಫಾರ್ಮಿನ ಲಂಗದ ಅಂಚು ಒಂದು ಕಡೆ ಇಳಿದಿರುತ್ತದೆ, ವೇಲು ಒಂದೇ ಹೆಗಲಿನಿಂದ ಜಾರುತ್ತದೆ, ಟೇಲರ್ ‘ಎರಡು ಬದಿ ಅಳತೆ ಬೇರೆ ಬೇರೆ ಬರ್ತದಲ್ಲ’ ಎನ್ನುತ್ತಾನೆ.

ಇಷ್ಟಕ್ಕೂ ಇದರ ಹೆಸರು ಹದಿಹರೆಯದ ಸ್ಕೋಲಿಯೋಸಿಸ್. ಬೆನ್ನುಮೂಳೆಗಳ ಸಾಲು 10 ಡಿಗ್ರಿ ಅಥವಾ ಹೆಚ್ಚು ಪಕ್ಕಕ್ಕೆ ಬಾಗಿದರೆ ಮಾತ್ರ ಆ ಹೆಸರು ಸಲ್ಲುತ್ತದೆ. ಕೋನ ಅಳೆಯುವ ವಿಧಾನವನ್ನು ಅಮೆರಿಕದ ಜಾನ್ ಕಾಬ್ 1948ರಲ್ಲಿ ಹೇಳಿಕೊಟ್ಟರು. ಇಂದಿಗೂ ಅದು ಕಾಬ್ ಕೋನವೇ. ಹದಿಹರೆಯದವರಲ್ಲಿ ಶೇ 2ರಿಂದ 3ರಷ್ಟು ಮಂದಿಗೆ 10 ಡಿಗ್ರಿಯ ಬಾಗು ಇರುತ್ತದೆ. ಅವರಲ್ಲಿ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ, ಏನೂ ಮಾಡಬೇಕಾಗಿಯೂ ಇಲ್ಲ. 10ರಿಂದ 20 ಡಿಗ್ರಿಯವರೆಗೆ ಹುಡುಗಿಯರು, ಹುಡುಗರ ಪ್ರಮಾಣ 1.4ಕ್ಕೆ 1. 40 ಡಿಗ್ರಿ ದಾಟಿದವರಲ್ಲಿ ಅದು 7.2ಕ್ಕೆ 1. ಬೆಳೆಯುವ ಬಾಗು ಹೆಚ್ಚಾಗಿ ಹುಡುಗಿಯರದು. ಮುಂದೆ ಬರುವ ಪ್ರಯಾಣದ ಖರ್ಚಿನ ಲೆಕ್ಕಕ್ಕೂ ಈ ಮಾತು ಬೇಕಾಗುತ್ತದೆ.

ಶಾಲೆಯ ಚೀಲದಿಂದ ಹೀಗಾಯಿತು ಎನ್ನುವವರು ನಮ್ಮಲ್ಲಿ ಬಹಳ. ಚೀಲದ ಭಾರ ಮಗುವಿನ ತೂಕದ ಶೇ 10 ಮೀರಬಾರದು, 9 ಮತ್ತು 10ನೇ ತರಗತಿಗೆ 4ರಿಂದ 5 ಕಿಲೊ ಸಾಕು ಎಂದು ರಾಜ್ಯ ಸರ್ಕಾರ 2019ರಲ್ಲಿ ಸುತ್ತೋಲೆ ಹೊರಡಿಸಿತು. ಒಳ್ಳೆಯದೇ, ಬೆನ್ನುನೋವು ಕಡಿಮೆಯಾದೀತು. ಆದರೆ ಸ್ಕೋಲಿಯೋಸಿಸ್ ಚೀಲದಿಂದ ಬರುವುದಲ್ಲ, ಸೊಟ್ಟ ಕೂತು ಬರುವುದೂ ಅಲ್ಲ. ಚೀಲ ಇಳಿಸಿದರೆ ಬೆನ್ನು ನೆಟ್ಟಗಾಗುತ್ತದೆಂದು ಕಾದು ಕೂತರೆ ಕಳೆದುಹೋಗುವುದು ಮಗು ಎತ್ತರ ಬೆಳೆಯುವ ಒಂದೆರಡು ವರ್ಷ. ಚಿಕಿತ್ಸೆ ಫಲ ಕೊಡುವುದೂ ಆ ವರ್ಷಗಳಲ್ಲೇ.

ಅದಕ್ಕೂ ಅಂಕಿ ಇದೆ. 1984ರಲ್ಲಿ ಲಾನ್‌ಸ್ಟೀನ್ ಮತ್ತು ಕಾರ್ಲ್‌ಸನ್ ಎಂಬಿಬ್ಬರು ವೈದ್ಯರು 5ರಿಂದ 29 ಡಿಗ್ರಿ ಬಾಗಿದ್ದ 727 ಮಕ್ಕಳ ದಾಖಲೆ ತೆಗೆದು ನೋಡಿದರು. ಬಾಗು ಹೆಚ್ಚಿದ್ದು ಶೇ 23.2 ಮಕ್ಕಳಲ್ಲಿ. ಇದು ಸರಾಸರಿ, ಬಿಡಿಸಿ ನೋಡಿದರೆ ಬೇರೆಯೇ ಕಥೆ. ಮೂಳೆ ಇನ್ನೂ ಬಲಿಯದ, 20ರಿಂದ 29 ಡಿಗ್ರಿಯ ಮಕ್ಕಳಲ್ಲಿ ಶೇ 68ರಷ್ಟು ಜನರಿಗೆ ಬಾಗು ಹೆಚ್ಚಿತು. ಮೂಳೆ ಬಲಿಯುತ್ತಿದ್ದು ಬಾಗು 20ಕ್ಕಿಂತ ಕಡಿಮೆ ಇದ್ದವರಲ್ಲಿ ಬರೀ ಶೇ 1.6. ಅಂದರೆ ಹನ್ನೊಂದರ ಹುಡುಗಿಯ 22 ಡಿಗ್ರಿಯೂ ಹದಿನಾರರ ಹುಡುಗಿಯ 22 ಡಿಗ್ರಿಯೂ ಎಕ್ಸ್‌ರೇಯಲ್ಲಿ ಒಂದೇ ಥರ ಕಂಡರೂ ಅಪಾಯ ಒಂದೇ ಅಲ್ಲ. ಬಾಗು ಎಷ್ಟು ಎನ್ನುವಷ್ಟೇ ಮುಖ್ಯ, ಮಗು ಇನ್ನೆಷ್ಟು ಬೆಳೆಯಲಿಕ್ಕಿದೆ ಎನ್ನುವುದು.

ಈಗ ಚಿತ್ರಗಳ ವಿಷಯ. ಸ್ಕೋಲಿಯೋಸಿಸ್‌ನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದಷ್ಟೇ ಅಲ್ಲ, ಹಿಂಡಿದ ಬಟ್ಟೆಯಂತೆ ತಿರುಚುತ್ತದೆ ಕೂಡ. ತಿರುಚಿದ ಮೂಳೆಯ ಜೊತೆ ಪಕ್ಕೆಲುಬು ಹಿಂದಕ್ಕೆ ಏಳುತ್ತದೆ. ಬಗ್ಗಿದಾಗ ಬೆನ್ನಿನ ಒಂದು ಬದಿ ದಿಬ್ಬದಂತೆ ಕಾಣುವುದು ಅದೇ. ಪಕ್ಕದಿಂದ ನೋಡಿದರೆ ಎದೆಯ ಭಾಗದ ಸಹಜ ಗೂನು, ಸಾಮಾನ್ಯವಾಗಿ 20ರಿಂದ 40 ಡಿಗ್ರಿ ಇರಬೇಕಾದದ್ದು, ಚಪ್ಪಟೆಯಾಗುತ್ತಾ ಹೋಗುತ್ತದೆ. ಮೂರು ದಿಕ್ಕಿನಲ್ಲಿ ನಡೆಯುವ ಈ ಬದಲಾವಣೆಯನ್ನು ಎದುರಿನಿಂದ ತೆಗೆದ ಒಂದು ಎಕ್ಸ್‌ರೇ ಒಂದೇ ಕೋನಕ್ಕೆ ಇಳಿಸುತ್ತದೆ. ಆ ಕೋನವೂ ಎಷ್ಟು ಗಟ್ಟಿ? ಒಂದೇ ಎಕ್ಸ್‌ರೇಯನ್ನು ಇಬ್ಬರು ವೈದ್ಯರು ಅಳೆದರೆ 5 ಡಿಗ್ರಿಯವರೆಗೆ ವ್ಯತ್ಯಾಸ ಬರಬಹುದು. ಇನ್ನೂ ಒಂದು ಸಂಗತಿ ನಮ್ಮ ಕಡೆಯವರು ಮುಖ್ಯವಾಗಿ ತಿಳಿಯಬೇಕಾದ್ದು: ಅದೇ ಮಗುವನ್ನು ಬೆಳಿಗ್ಗೆಯೂ ಸಂಜೆಯೂ ನಿಲ್ಲಿಸಿ ಎಕ್ಸ್‌ರೇ ತೆಗೆದಾಗ ಸಂಜೆಗೆ ಸರಾಸರಿ 5 ಡಿಗ್ರಿ ಹೆಚ್ಚು ಬಂದದ್ದು 1993ರ ಪುಟ್ಟ ಅಧ್ಯಯನವೊಂದರಲ್ಲಿ ದಾಖಲಾಗಿದೆ. ಮೊದಲ ಸಲ ಶಿರಸಿಯಲ್ಲಿ ಉಳಿದು ಬೆಳಿಗ್ಗೆ ಒಂಬತ್ತಕ್ಕೆ ಎಕ್ಸ್‌ರೇ ತೆಗೆಸಿದ ಹುಡುಗಿ, ಎರಡನೇ ಸಲ ಊರಿನಿಂದ ಬಸ್ಸಿನಲ್ಲಿ ಕುಲುಕಾಡುತ್ತಾ ಬಂದು ಮಧ್ಯಾಹ್ನ ಮೂರಕ್ಕೆ ನಿಂತರೆ ‘ಬಾಗು ಹೆಚ್ಚಾಗಿದೆ’ ಎಂಬ ವರದಿ ಬಂದರೂ ಬಂತು. ಹೆಚ್ಚಾದದ್ದು ಬಾಗೋ ಹೊತ್ತೋ ಹೇಳುವವರಿಲ್ಲ. ಎರಡೂ ಸಲ ಒಂದೇ ಹೊತ್ತಿಗೆ ತೆಗೆಸಿ ಎನ್ನುವ ಸಲಹೆಗೆ ಖರ್ಚೇ ಇಲ್ಲ.

ನಿಲುವು ಮತ್ತು ಸಮತೋಲದ ಅಳತೆ ಇಲ್ಲಿ ಒಳಗೆ ಬರುತ್ತದೆ. ಕುತ್ತಿಗೆಯ ಕೊನೆಯ ಮೂಳೆ, ಕೈಗೆ ಉಬ್ಬಾಗಿ ಸಿಗುವ 7ನೆಯದು, ಅದರಿಂದ ಗಾರೆಯವರ ತೂಗುಗುಂಡನ್ನು ಇಳಿಬಿಟ್ಟರೆ ದಾರ ಸೊಂಟದ ನಡುವೆ ಬೀಳಬೇಕು. 2 ಸೆಂಟಿಮೀಟರಿಗಿಂತ ಹೆಚ್ಚು ಆಚೀಚೆ ಬಿದ್ದರೆ ಮುಂಡ ಒಂದು ಕಡೆ ವಾಲಿದೆ ಎಂದರ್ಥ. ಮಜಾ ಎಂದರೆ ಕೋನಕ್ಕೂ ವಾಲುವಿಕೆಗೂ ನೇರ ಸಂಬಂಧವಿಲ್ಲ. ಮೇಲೊಂದು ಕೆಳಗೊಂದು ಎದುರುಬದುರು ಬಾಗು ಇರುವ ಹುಡುಗಿಯ ಕೋನ 40 ಇದ್ದರೂ ದಾರ ನಡುವೆಯೇ ಬೀಳಬಹುದು, ಬಟ್ಟೆ ಹಾಕಿದರೆ ಗೊತ್ತೇ ಆಗುವುದಿಲ್ಲ. ಸೊಂಟದ ಮೇಲೆ ಒಂದೇ ಬಾಗು ಇರುವವಳು 25ಕ್ಕೇ ವಾಲಿ ನಿಲ್ಲುತ್ತಾಳೆ. ಹಾಗಾಗಿ ಕಣ್ಣಿಗೆ ಕಂಡ ಸೊಟ್ಟವನ್ನು ನಂಬಿ ಕೂತರೆ ದೊಡ್ಡ ಬಾಗು ತಪ್ಪಿಹೋದೀತು.

ನಿಂತಲ್ಲೇ ಮಗು ಎಷ್ಟು ತೂಗಾಡುತ್ತದೆ ಎಂದು ಅಳೆಯುವ ಹಲಗೆಗಳೂ ಇವೆ. ಕಾಲಡಿಯ ಒತ್ತಡದ ಕೇಂದ್ರವನ್ನು ಸೆಕೆಂಡಿಗೆ 100 ಸಲ ಬರೆದುಕೊಂಡರೆ 30 ಸೆಕೆಂಡಿಗೆ 3,000 ಚುಕ್ಕೆ. ಸ್ಕೋಲಿಯೋಸಿಸ್ ಇರುವ ಮಕ್ಕಳ ಚುಕ್ಕೆಗಳು ಸರಾಸರಿಯಲ್ಲಿ ಹೆಚ್ಚು ಅಗಲಕ್ಕೆ ಹರಡುತ್ತವೆ. ಸಂಶೋಧನೆಗೆ ಒಳ್ಳೆಯ ಸಾಮಗ್ರಿ. ಒಬ್ಬ ಹುಡುಗಿಗೆ ಬಾಗು ತಡೆಯುವ ಬೆಲ್ಟ್ ಹಾಕಬೇಕೋ ಬೇಡವೋ ಎಂದು ಆ ಚುಕ್ಕೆ ನೋಡಿ ಹೇಳಲಾಗದು. ತಾಲ್ಲೂಕು ಆಸ್ಪತ್ರೆಯ ಹಣವನ್ನು ಇದಕ್ಕೆ ಹಾಕುವುದು ಬೇಡ.

ಮೂರು ಆಯಾಮದ ಚಿತ್ರಕ್ಕೆ ಎರಡು ಮುಖ್ಯ ದಾರಿಗಳಿವೆ. ಮೊದಲನೆಯದರಲ್ಲಿ ವಿಕಿರಣವೇ ಇಲ್ಲ. ಬರಿ ಬೆನ್ನಿನ ಮೇಲೆ ಬೆಳಕಿನ ಗೆರೆಗಳನ್ನು ಬಿಟ್ಟು ಕ್ಯಾಮೆರಾದಲ್ಲಿ ಹಿಡಿಯುತ್ತಾರೆ. ಗೆರೆ ಎಲ್ಲಿ ಹೇಗೆ ಬಳುಕಿತು ಎಂಬುದರಿಂದ ಬೆನ್ನಿನ ಉಬ್ಬುತಗ್ಗಿನ ನಕ್ಷೆ ಸಿಗುತ್ತದೆ. 1970ರಲ್ಲಿ ಜಪಾನಿನ ತಕಾಸಾಕಿ ತೋರಿಸಿದ ಮ್ವಾರೆ ವಿಧಾನ ಇದರ ಹಿರಿಯಣ್ಣ. ಹಾಂಗ್‌ಕಾಂಗ್‌ನವರು ಶಾಲೆಗೂ ಎಕ್ಸ್‌ರೇ ಕೋಣೆಗೂ ನಡುವೆ ಜರಡಿಯಾಗಿ ಇಟ್ಟದ್ದು ಇದನ್ನೇ. ಸಾವಿರಕ್ಕೆ 28 ಎಂಬ ಸಣ್ಣ ಸಂಖ್ಯೆಯ ಹಿಂದೆ ಈ ಜರಡಿಯ ಕೆಲಸವೂ ಇದೆ. ಜರ್ಮನಿಯ ಮುನ್‌ಸ್ಟರ್‌ನಲ್ಲಿ ಡ್ರೆರುಪ್ ಮತ್ತು ಹಿಯರ್‌ಹೋಲ್ಜರ್ 1980ರ ದಶಕದಲ್ಲಿ ಇದನ್ನು ಕಂಪ್ಯೂಟರಿಗೆ ತಂದರು; ಈಗಿನ ಯಂತ್ರಗಳು 6 ಸೆಕೆಂಡಿನಲ್ಲಿ 12 ಚಿತ್ರ ತೆಗೆದು ಸರಾಸರಿ ಮಾಡಿ, ಮಗು ಉಸಿರಾಡಿದ್ದನ್ನೂ ತೂಗಾಡಿದ್ದನ್ನೂ ಸರಿದೂಗಿಸುತ್ತವೆ. ಇದು ನೋಡುವುದು ಚರ್ಮವನ್ನು, ಮೂಳೆಯನ್ನಲ್ಲ. ದಪ್ಪಗಿರುವ ಮಕ್ಕಳಲ್ಲಿ ತಪ್ಪು ಹೆಚ್ಚು. ಎಕ್ಸ್‌ರೇಯ ಕೋನಕ್ಕೆ ಬದಲಿ ಎಂದು ಇದನ್ನು ಮಾರಲು ಬಂದವರನ್ನು ನಂಬಬೇಡಿ. ‘ಕಳೆದ ಸಲಕ್ಕಿಂತ ಬದಲಾಗಿದೆಯೇ, ಈ ಸಲ ಎಕ್ಸ್‌ರೇ ಬೇಕೇ’ ಎನ್ನುವ ಪ್ರಶ್ನೆಗೆ ಮಾತ್ರ ಇದು ಒಳ್ಳೆಯ ಉತ್ತರ ಕೊಡುತ್ತದೆ.

ಎರಡನೆಯದು ಇಓಎಸ್ ಎಂಬ ಎಕ್ಸ್‌ರೇ ಯಂತ್ರ. ಕಣಗಳನ್ನು ಹಿಡಿಯುವ ತಂತಿಗೂಡನ್ನು 1968ರಲ್ಲಿ ರೂಪಿಸಿ 1992ರ ಭೌತಶಾಸ್ತ್ರ ನೊಬೆಲ್ ಪಡೆದ ಜಾರ್ಜ್ ಶಾರ್ಪಾಕ್ ಅವರ ಸಂಶೋಧನೆ ಇದರ ಬುಡ. ಮಗು ಗೂಡಿನೊಳಗೆ ನಿಲ್ಲುತ್ತದೆ. ಎರಡು ತೆಳು ಕಿರಣಗಳು ಎದುರಿನಿಂದಲೂ ಪಕ್ಕದಿಂದಲೂ ಒಟ್ಟಿಗೇ ಮೇಲಿಂದ ಕೆಳಗೆ ಇಳಿಯುತ್ತವೆ. ಒಂದೇ ಕ್ಷಣದ ಎರಡು ನೋಟ ಸಿಕ್ಕಿದ್ದರಿಂದ ಕಂಪ್ಯೂಟರ್ ಪ್ರತಿ ಮೂಳೆಯ ತಿರುಚನ್ನೂ ಲೆಕ್ಕ ಹಾಕಿ ಮೂರು ಆಯಾಮದ ಬೆನ್ನುಮೂಳೆ ಕಟ್ಟಿಕೊಡುತ್ತದೆ. ಸಿಟಿ ಸ್ಕ್ಯಾನಿನಲ್ಲೂ ಮೂರು ಆಯಾಮ ಸಿಗುತ್ತದಲ್ಲ ಎಂದರೆ, ಅದು ಮಲಗಿಸಿ ತೆಗೆಯುವಂಥದ್ದು. ಮಲಗಿದ ಕೂಡಲೇ ಬಾಗು ಸುಮಾರು 10 ಡಿಗ್ರಿ ಇಳಿದುಹೋಗುತ್ತದೆ. ನಿಲುವು ನೋಡಬೇಕಾದವರು ಮಲಗಿಸಿ ಏನು ನೋಡಿದ ಹಾಗಾಯಿತು? ವಿಕಿರಣವೂ ಹೆಚ್ಚು.

ವಿಕಿರಣದ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅಮೆರಿಕದ 14 ಆಸ್ಪತ್ರೆಗಳಲ್ಲಿ 1912ರಿಂದ 1965ರ ನಡುವೆ ಸ್ಕೋಲಿಯೋಸಿಸ್ ಪತ್ತೆಯಾದ 5,573 ಮಹಿಳೆಯರ ದಾಖಲೆ 2000ದಲ್ಲಿ ಹೊರಬಂತು. ಒಬ್ಬೊಬ್ಬರಿಗೆ ಸರಾಸರಿ 24.7 ಎಕ್ಸ್‌ರೇ ಪರೀಕ್ಷೆ ಆಗಿತ್ತು. ಸ್ತನ ಕ್ಯಾನ್ಸರಿನಿಂದ 45.6 ಸಾವು ನಿರೀಕ್ಷಿಸಬೇಕಾದಲ್ಲಿ 77 ಸಾವು ಸಂಭವಿಸಿತ್ತು, 1.69 ಪಟ್ಟು. ಆ ಕಾಲದ ಎಕ್ಸ್‌ರೇ ಭಾರದ್ದು, ಇಂದಿನದು ಅದಕ್ಕಿಂತ ಎಷ್ಟೋ ಹಗುರ. ಈ ಅಂಕಿ ಓದಿ ಬೇಕಾದ ಎಕ್ಸ್‌ರೇ ತಪ್ಪಿಸುವುದು ಮೂರ್ಖತನ. ಮಾಂಟ್ರಿಯಲ್‌ನಲ್ಲಿ 50 ಮಕ್ಕಳನ್ನು ಹೋಲಿಸಿ 2010ರಲ್ಲಿ ಹೇಳಿದಂತೆ ಇಓಎಸ್‌ನಲ್ಲಿ ಎದೆ ಹೊಟ್ಟೆಯ ಭಾಗಕ್ಕೆ ತಗಲುವ ವಿಕಿರಣ ಮಾಮೂಲಿ ಎಕ್ಸ್‌ರೇಗಿಂತ 6ರಿಂದ 9 ಪಟ್ಟು ಕಡಿಮೆ. ಖರ್ಚಿಲ್ಲದ ಇನ್ನೊಂದು ಉಪಾಯವೂ ಇದೆ: ಹುಡುಗಿಯನ್ನು ಯಂತ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿ ಹಿಂದಿನಿಂದ ಕಿರಣ ಬಿಟ್ಟರೆ ಎದೆಗೆ ತಗಲುವುದು ಹಲವು ಪಟ್ಟು ತಗ್ಗುತ್ತದೆ. ಎಕ್ಸ್‌ರೇ ಕೋಣೆಯಲ್ಲಿ ಅಮ್ಮಂದಿರು ‘ಹಿಂದಿನಿಂದ ತೆಗೀರಿ’ ಎಂದು ಕೇಳಬಹುದು. ಕೇಳಬೇಕು.

ಯಂತ್ರದ ಬೆಲೆಗೆ ಬರೋಣ. ಬ್ರಿಟನ್ನಿನಲ್ಲಿ ಸರ್ಕಾರಿ ಆಸ್ಪತ್ರೆಗಳು ಏನು ಕೊಳ್ಳಬೇಕೆಂದು ಸಲಹೆ ಕೊಡುವ ನೈಸ್ ಎಂಬ ಸಂಸ್ಥೆ 2011ರಲ್ಲಿ ಇಓಎಸ್ ಬಗ್ಗೆ ತೀರ್ಮಾನ ಕೊಟ್ಟಿತು. ಅದಕ್ಕಾಗಿ ನಡೆದ ಅಧ್ಯಯನದಲ್ಲಿ ಯಂತ್ರದ ಬೆಲೆ 4 ಲಕ್ಷ ಪೌಂಡ್, ಆಗಿನ ದರದಲ್ಲಿ ಸುಮಾರು 3 ಕೋಟಿ ರೂಪಾಯಿ. ವಿಕಿರಣ ತಗ್ಗಿದ್ದರಿಂದ ಸಿಗುವ ಆರೋಗ್ಯಲಾಭವಷ್ಟನ್ನೇ ನೋಡಿದರೆ ಆ ಹಣ ಸಾರ್ಥಕವಾಗಲು ಒಂದು ಯಂತ್ರ ವರ್ಷಕ್ಕೆ 15,100ರಿಂದ 26,500 ಪರೀಕ್ಷೆ ಮಾಡಬೇಕಿತ್ತು, ಕೆಲಸದ ದಿನಕ್ಕೆ 60ರಿಂದ 106.

ನಮ್ಮ ಜಿಲ್ಲೆಯ 560 ಹೊಸ ಮಕ್ಕಳು, ಜೊತೆಗೆ 20 ಡಿಗ್ರಿ ದಾಟಿದ 244 ಮಕ್ಕಳು ತಲಾ ಐದು ವರ್ಷ ಆರಾರು ತಿಂಗಳಿಗೊಮ್ಮೆ ಬಂದರೆ 2,440. ಕೂಡಿಸಿದರೆ ವರ್ಷಕ್ಕೆ ಸರಿಯಾಗಿ 3,000 ಪರೀಕ್ಷೆ. ಬ್ರಿಟಿಷರ ಕನಿಷ್ಠ ಗುರಿಯ ಐದನೇ ಒಂದು ಪಾಲು. 3 ಕೋಟಿಯನ್ನು ಹತ್ತು ವರ್ಷಕ್ಕೆ ಹಂಚಿದರೆ ಪ್ರತಿ ಚಿತ್ರಕ್ಕೆ 1,000 ರೂಪಾಯಿ. ಸಿಬ್ಬಂದಿ, ದುರಸ್ತಿ, ಕರೆಂಟು ಬೇರೆ. ಅಷ್ಟೇನೂ ದುಬಾರಿ ಅಲ್ಲವಲ್ಲ ಎನಿಸಬಹುದು. ಆದರೆ 3,000 ಬರುವುದು ಬಾಗು ಇರುವ ಪ್ರತಿ ಮಗುವನ್ನೂ ಯಾರೋ ಗುರುತಿಸಿ ಕಳಿಸಿದಾಗ. ಶಾಲೆಯಲ್ಲಿ ಬೆನ್ನು ನೋಡುವವರೇ ಇಲ್ಲದಾಗ ಹತ್ತರಲ್ಲಿ ಒಂದು ಮಗು ಬಂದೀತು. ಆಗ ಅದೇ ಚಿತ್ರ 10,000 ರೂಪಾಯಿಯದಾಗುತ್ತದೆ. ಮಂಡಿ, ಸೊಂಟದ ರೋಗಿಗಳಿಗೂ ಯಂತ್ರ ಬಳಸಿ ಲೆಕ್ಕ ಸರಿದೂಗಿಸಬಹುದು ಎನ್ನುತ್ತಾರೆ. ಆಗಬಹುದು, ಆದರೆ ಅದು ಮಕ್ಕಳ ಬೆನ್ನಿನ ಹೆಸರಿನಲ್ಲಿ ಕೇಳಿದ ಹಣವಾಗಿ ಉಳಿಯುವುದಿಲ್ಲ.

ಈ ಲೆಕ್ಕ ಈಗ ಯಾಕೆ ಎಂದರೆ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರ ಜುಲೈನಲ್ಲಿ ಶಿರೂರು ಟೋಲ್ ಗೇಟಿನ ಆಂಬುಲೆನ್ಸ್ ದುರಂತದ ನಂತರ ಜೋರಾಗಿ ಎದ್ದು ಇನ್ನೂ ಆರಿಲ್ಲ. ಆಸ್ಪತ್ರೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆಸ್ಪತ್ರೆ ಬಂದಾಗ ಯಂತ್ರಗಳ ಪಟ್ಟಿಯೂ ಬರುತ್ತದೆ. ಆ ಪಟ್ಟಿಯ ಮೊದಲ ಪುಟದಲ್ಲಿ ಏನಿರಬೇಕು ಎಂಬುದಷ್ಟೇ ನನ್ನ ತಕರಾರು.

ಇನ್ನು ಮನೆಯ ಖರ್ಚು. ಮತ್ತಿಘಟ್ಟದ ಕಡೆಯ ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ 18 ಡಿಗ್ರಿ ಬಾಗಿದೆ, ಆರು ತಿಂಗಳಿಗೊಮ್ಮೆ ತೋರಿಸಬೇಕು ಎಂದಿಟ್ಟುಕೊಳ್ಳಿ. ಹದಿನೈದರವರೆಗೆ 8 ಸಲ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೊಮೀಟರ್, ಕಾರವಾರ ಸುಮಾರು 120, ಮಣಿಪಾಲ 200ರ ಹತ್ತಿರ. ಊರಿನಿಂದ ಶಿರಸಿ ಮುಟ್ಟುವುದು ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅಮ್ಮನಿಗೂ ಮಗಳಿಗೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಬೆಳೆಯುವ ಬಾಗು ಹೆಚ್ಚಾಗಿ ಹುಡುಗಿಯರದ್ದು ಎಂದು ಮೇಲೆ ಹೇಳಿದ್ದೆನಲ್ಲ; ಈ ಯೋಜನೆ ಮಾಡಿದವರು ಕನಸಿನಲ್ಲೂ ಎಣಿಸಿರದ ಉಪಕಾರ ಇದು. ಉಳಿದದ್ದು ಕೂಲಿ. 2025-26ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಊಟ, ಆಟೊ ಸೇರಿ 400, ಎಕ್ಸ್‌ರೇಗೆ 1,000 ಎಂದು ಹಿಡಿದರೆ ಒಂದು ಸಲಕ್ಕೆ 1,770. ಎಂಟು ಸಲಕ್ಕೆ 14,160. ಈ 400, 1,000 ನಾನು ಹಿಡಿದ ಅಂಕಿ, ನಿಮ್ಮ ರಸೀದಿಯದನ್ನು ಹಾಕಿಕೊಂಡು ಕೂಡಿಸಿ. ಅಡಿಕೆ ಕೊಯ್ಲಿನ ಸಮಯದಲ್ಲಿ ಒಂದು ದಿನ ಮನೆ ಬಿಟ್ಟರೆ ಆಗುವ ನಷ್ಟಕ್ಕೆ 370 ಯಾವ ಲೆಕ್ಕ ಎಂದು ತೋಟದ ಮನೆಯವರು ಕೇಳುತ್ತಾರೆ, ಅದೂ ಸರಿಯೇ. ರಾತ್ರಿ ಉಳಿಯಬೇಕಾಗಿ ಬಂದರೆ ದಿನ ಎರಡಾಗುತ್ತದೆ. ಹುಡುಗಿಯ ಶಾಲೆ ಎಂಟು ದಿನ ತಪ್ಪುವುದಕ್ಕೆ ಯಾರೂ ಬೆಲೆ ಕಟ್ಟಿಲ್ಲ.

ನಡುವಿನ ಜರಡಿ ಶಿರಸಿಯಲ್ಲೇ ಇದ್ದರೆ? ಬೆನ್ನಿನ ಬೆಳಕಿನ ಚಿತ್ರವೋ, ಅದಿಲ್ಲದಿದ್ದರೆ ಪ್ರತಿ ಸಲ ಒಬ್ಬರೇ ಕೈಯಿಂದ ಮಾಡುವ ಅಳತೆಯೋ, ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳಿಗೊಮ್ಮೆ ಆಗಿ, ಬದಲಾವಣೆ ಕಂಡಾಗ ಇಲ್ಲವೇ ವರ್ಷಕ್ಕೊಮ್ಮೆ ಮಾತ್ರ ದೂರದ ಎಕ್ಸ್‌ರೇಗೆ ಕಳಿಸಿದರೆ ಎಂಟು ಎಕ್ಸ್‌ರೇ ನಾಲ್ಕಾಗುತ್ತದೆ. ಮೂರು ಆಯಾಮದ ಚಿತ್ರಕ್ಕೆ ನಮ್ಮಲ್ಲಿ ಹಣ ಹಾಕುವುದಿದ್ದರೆ ಮೊದಲು ಇಲ್ಲಿ ಹಾಕಬೇಕು. 3 ಕೋಟಿಯ ಇಓಎಸ್ ಗೂಡು ರಾಜ್ಯದ ಎರಡು ಮೂರು ದೊಡ್ಡ ಕೇಂದ್ರಗಳಲ್ಲಿ ಇದ್ದು, ಬೆಲ್ಟ್ ಅಳತೆಗೋ ಶಸ್ತ್ರಚಿಕಿತ್ಸೆಯ ಯೋಜನೆಗೋ ಒಂದೆರಡು ಸಲ ಹೋಗಿಬರುವಂತಿದ್ದರೆ ಸಾಕು.

ಚಿಕಿತ್ಸೆಯ ಕಡೆಯ ಅಂಕಿಗಳು ಇದಕ್ಕಿಂತ ಗಟ್ಟಿ. ಬೆಳೆಯುತ್ತಿರುವ ಮಗುವಿನ ಬಾಗು 25 ಡಿಗ್ರಿ ದಾಟಿದರೆ ಬ್ರೇಸ್, ಅಂದರೆ ಮುಂಡಕ್ಕೆ ಅಳತೆ ಕೊಟ್ಟು ಮಾಡಿಸಿದ ಗಟ್ಟಿ ಪ್ಲಾಸ್ಟಿಕ್ ಬೆಲ್ಟ್. 45-50 ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು. ಬೆಲ್ಟ್‌ನಿಂದ ಪ್ರಯೋಜನ ಇದೆಯೇ ಎಂಬ ಹಳೆಯ ಜಗಳಕ್ಕೆ 2013ರಲ್ಲಿ ಅಮೆರಿಕ ಮತ್ತು ಕೆನಡಾದ 25 ಆಸ್ಪತ್ರೆಗಳ ಪ್ರಯೋಗ ಉತ್ತರ ಕೊಟ್ಟಿತು. 242 ಮಕ್ಕಳು. ಬೆಲ್ಟ್ ಹಾಕಿದವರಲ್ಲಿ ಶೇ 72 ಮಂದಿಯ ಬಾಗು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಯಿತು. ಸುಮ್ಮನೆ ಗಮನಿಸಿದವರಲ್ಲಿ ಶೇ 48. ಮೂವರಿಗೆ ಬೆಲ್ಟ್ ಹಾಕಿದರೆ ಒಬ್ಬರಿಗೆ ಆಪರೇಶನ್ ತಪ್ಪುತ್ತದೆ. ವ್ಯತ್ಯಾಸ ಎಷ್ಟು ನಿಚ್ಚಳವಾಗಿತ್ತೆಂದರೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿ ಎಲ್ಲರಿಗೂ ಹೇಳಿಬಿಟ್ಟರು.

ಬೆಲ್ಟಿನೊಳಗೆ ಶಾಖ ಅಳೆಯುವ ಚಿಪ್ ಇಟ್ಟು ಎಷ್ಟು ಹೊತ್ತು ಹಾಕಿದ್ದರೆಂದು ನೋಡಿದ್ದರು. ದಿನಕ್ಕೆ 18 ಗಂಟೆ ಹಾಕಿ ಎಂದಿದ್ದರು. ಸರಾಸರಿ 6 ಗಂಟೆಯೊಳಗೆ ಹಾಕಿದವರಿಗೆ ಲಾಭವೇ ಇಲ್ಲ, ಹಾಕದವರ ಹಾಗೆಯೇ. 12.9 ಗಂಟೆ ದಾಟಿದವರಲ್ಲಿ ಶೇ 90ಕ್ಕಿಂತ ಹೆಚ್ಚು ಮಂದಿಗೆ ಫಲ ಸಿಕ್ಕಿತು. 13 ಗಂಟೆ ಎಂದರೆ ರಾತ್ರಿ ನಿದ್ದೆಯ 9, ಮನೆಯಲ್ಲಿ ಓದುವ 4. ಶಾಲೆಗೆ ಹಾಕದೆಯೂ ಆ ಸಂಖ್ಯೆ ಮುಟ್ಟಬಹುದು. ಗೆಳತಿಯರು ಬಡಿದು ನೋಡಿ ‘ಒಳಗೆ ಏನೇ ಅದು’ ಎಂದು ನಗುವ ವಯಸ್ಸಿನಲ್ಲಿ ಇದು ಸಣ್ಣ ಸಮಾಧಾನವಲ್ಲ. ಏಪ್ರಿಲ್‌ನ ಸೆಖೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಬೆವರಿ ಚರ್ಮ ಕೆಂಪಾಗುವುದು ಇನ್ನೊಂದು ಕಷ್ಟ. ಒಳಗೆ ಹತ್ತಿಯ ಬನಿಯನ್, ದಿನಕ್ಕೆರಡು ಬದಲಿ. ಗಂಟೆ ಎಣಿಸುವ ಚಿಪ್ಪಿಗೆ ಹಣ ಕೊಡುವುದೋ ಚಂದದ ಬಣ್ಣದ ಮೂರು ಆಯಾಮದ ಚಿತ್ರಕ್ಕೋ ಎಂದು ಆಯ್ಕೆ ಬಂದರೆ ನಾನು ಚಿಪ್ಪಿಗೆ ಕೈ ಎತ್ತುತ್ತೇನೆ.

ಆಪರೇಶನ್ ಬೇಕೇ ಬೇಕಾದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಮಿತಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಆದರೆ ಪ್ಯಾಕೇಜಿನ ಶೇ 30, ಹೆಚ್ಚೆಂದರೆ 1.5 ಲಕ್ಷ. ಒಂದೆರಡು ಎಕರೆ ಅಡಿಕೆ ತೋಟವಿದ್ದು ಎಪಿಎಲ್ ಆದ ಮನೆಗೆ ಉಳಿದ ಶೇ 70 ಸಾಲವೇ. ಜಿಲ್ಲೆಯ 53ರಲ್ಲಿ 45 ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಬೆಲ್ಟ್ ಸಿಕ್ಕರೆ, ಮೂರಕ್ಕೊಂದರ ಲೆಕ್ಕದಲ್ಲಿ, ವರ್ಷಕ್ಕೆ 15 ಆಪರೇಶನ್ ತಪ್ಪುತ್ತದೆ. ಒಂದಕ್ಕೆ 3 ಲಕ್ಷ ಎಂದು ಹಿಡಿದರೂ 45 ಲಕ್ಷ ರೂಪಾಯಿ.

ಹೊತ್ತಿಗೆ ಸರಿಯಾಗಿ ಸಿಗಬೇಕಾದರೆ ಯಾರಾದರೂ ನೋಡಬೇಕಲ್ಲ. ನೋಡುವ ವಿಧಾನ 1865ರಷ್ಟು ಹಳೆಯದು, ಲಂಡನ್ನಿನ ವಿಲಿಯಂ ಆಡಮ್ಸ್ ಹೇಳಿದ್ದು: ಮಗುವನ್ನು ಕಾಲು ನೆಟ್ಟಗಿಟ್ಟು ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡುವುದು. 1984ರಲ್ಲಿ ಬನೆಲ್ ಅದಕ್ಕೆ ಸ್ಕೋಲಿಯೋಮೀಟರ್ ಸೇರಿಸಿದರು. ಬಡಗಿಯ ರಸಮಟ್ಟದಂತೆ ಬೆನ್ನಿನ ಮೇಲಿಟ್ಟರೆ ಎಷ್ಟು ಡಿಗ್ರಿ ಓರೆ ಎಂದು ತೋರಿಸುವ ಸಣ್ಣ ಸಾಧನ. ಮಟ್ಟ ತೋರಿಸುವ ಆ್ಯಪ್ ಇರುವ ಮೊಬೈಲೂ ಎಚ್ಚರಿಕೆಯಿಂದ ಬಳಸಿದರೆ ಅದೇ ಕೆಲಸ ಮಾಡುತ್ತದೆ. 7 ಡಿಗ್ರಿ ಕಂಡರೆ ವೈದ್ಯರಿಗೆ ಕಳಿಸುವುದು ರೂಢಿ. 5ಕ್ಕೇ ಕಳಿಸಿದರೆ ಯಾರೂ ತಪ್ಪುವುದಿಲ್ಲ, ಆದರೆ ಸುಮ್ಮಸುಮ್ಮನೆ ಹೋಗುವವರ ಸಾಲು ಉದ್ದವಾಗುತ್ತದೆ. ಹುಡುಗಿಯರನ್ನು 10 ಮತ್ತು 12ನೇ ವಯಸ್ಸಿನಲ್ಲಿ, ಹುಡುಗರನ್ನು 13 ಅಥವಾ 14ಕ್ಕೆ ಒಮ್ಮೆ ನೋಡಿ ಎಂಬುದು ಅಮೆರಿಕದ ಮೂಳೆ ಮತ್ತು ಮಕ್ಕಳ ತಜ್ಞರ ಸಂಘಗಳು 2008ರಲ್ಲಿ ಕೊಟ್ಟ ಸಲಹೆ. ನಮ್ಮ ಜಿಲ್ಲೆಗೆ ಅದು ವರ್ಷಕ್ಕೆ 30,000 ನೋಟ. ತಲಾ 2 ನಿಮಿಷದಂತೆ 1,000 ಗಂಟೆ, ದಿನಕ್ಕೆ 5 ಗಂಟೆಯಂತೆ 200 ದಿನ, 12 ತಾಲ್ಲೂಕಿಗೆ ಹಂಚಿದರೆ ತಾಲ್ಲೂಕಿಗೆ 17 ದಿನ.

ಇದನ್ನು ಒಪ್ಪದವರೂ ಇದ್ದಾರೆ, ಅವರ ಅಂಕಿಯನ್ನೂ ಹೇಳದಿದ್ದರೆ ವರದಿ ಅರ್ಧವಾಗುತ್ತದೆ. ಅಮೆರಿಕದ ರಾಚೆಸ್ಟರ್‌ನಲ್ಲಿ 2,242 ಮಕ್ಕಳನ್ನು ಪರೀಕ್ಷಿಸಿದ 1999ರ ವರದಿಯಂತೆ ಚಿಕಿತ್ಸೆ ಪಡೆದ ಒಬ್ಬರನ್ನು ಹುಡುಕಲು 448 ಮಕ್ಕಳನ್ನು ನೋಡಬೇಕಾಯಿತು. ಅಲ್ಲಿನ ಸರ್ಕಾರಿ ಸಲಹಾ ಮಂಡಳಿ 2004ರಲ್ಲಿ ಶಾಲಾ ತಪಾಸಣೆ ಬೇಡವೆಂದಿತ್ತು. 2018ರಲ್ಲಿ ಬೇಕು ಬೇಡ ಹೇಳಲು ಪುರಾವೆ ಸಾಲದು ಎಂಬಲ್ಲಿಗೆ ಬಂತು. ಅಷ್ಟರಲ್ಲಿ ಬೆಲ್ಟಿನ ಪ್ರಯೋಗ ಬಂದಿತ್ತು. ಅಲ್ಲಿ ಮಗುವಿಗೆ ಮನೆ ವೈದ್ಯರಿರುತ್ತಾರೆ, ಶಾಲೆಯಲ್ಲಿ ತಪ್ಪಿದರೆ ಅವರು ಹಿಡಿದಾರು. ಮತ್ತಿಘಟ್ಟದಲ್ಲಿ ಶಾಲೆಯೇ ಕೊನೆಯ ಬಾಗಿಲು. ಆದರೂ ಸುಳ್ಳು ಎಚ್ಚರಿಕೆಯ ಹಾನಿ ನಮ್ಮಲ್ಲಿ ಹೆಚ್ಚೇ: ‘ಅವಳ ಬೆನ್ನು ಸೊಟ್ಟವಂತೆ’ ಎಂಬ ಮಾತು ಒಂದು ಸಲ ಕೇರಿಗೆ ಬಿದ್ದರೆ ಎಂಟು ವರ್ಷದ ನಂತರ ಮದುವೆ ಮಾತುಕತೆಯಲ್ಲಿ ಎದ್ದು ಬರುತ್ತದೆ. ಆದ್ದರಿಂದ ನೋಡುವುದು ಮರೆಯಲ್ಲಿ ಆಗಬೇಕು, ಮಹಿಳಾ ಸಿಬ್ಬಂದಿಯಿಂದ ಆಗಬೇಕು, ಹೇಳುವುದು ತಾಯಿತಂದೆಗೆ ಮಾತ್ರ.

ಹೊಸ ಹುದ್ದೆ, ಹೊಸ ಗಾಡಿ ಬೇಕಾಗಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳಿವೆ. ಒಂದು ತಂಡದಲ್ಲಿ ಇಬ್ಬರು ವೈದ್ಯರು, ಅವರಲ್ಲೊಬ್ಬರು ಮಹಿಳೆ, ಜೊತೆಗೆ ನರ್ಸ್ ಮತ್ತು ಫಾರ್ಮಸಿಸ್ಟ್. ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಬರಬೇಕು, ಕಣ್ಣು, ಕಿವಿ, ಹಲ್ಲು, ರಕ್ತಹೀನತೆ ನೋಡಬೇಕು. ಅವರ ಕೈಯಲ್ಲಿರುವ 30 ತೊಂದರೆಗಳ ಪಟ್ಟಿಯಲ್ಲಿ ಹುಟ್ಟಿನಿಂದ ಬರುವ ಸೊಟ್ಟಗಾಲು ಇದೆ, ಸೊಂಟದ ಕೀಲಿನ ದೋಷ ಇದೆ. ಹದಿಹರೆಯದ ಸ್ಕೋಲಿಯೋಸಿಸ್ ಇಲ್ಲ. ಶಿರಸಿ ಶೈಕ್ಷಣಿಕ ಜಿಲ್ಲೆಯ ಅಧಿಕಾರಿಗಳೂ ಜಿಲ್ಲಾ ಆರೋಗ್ಯ ಇಲಾಖೆಯೂ ಕೂತು ಮಾತಾಡಿ, ಮುಂದಿನ ಶಾಲಾ ವರ್ಷದಿಂದ 5, 7 ಮತ್ತು 8ನೇ ತರಗತಿಯ ಮಕ್ಕಳ ಆರೋಗ್ಯ ಕಾರ್ಡಿನಲ್ಲಿ ‘ಬಗ್ಗಿಸಿದಾಗ ಬೆನ್ನು’ ಎಂಬ ಒಂದು ಸಾಲು ಸೇರಿಸಲಿ, ಪ್ರತಿ ತಂಡಕ್ಕೂ ಒಂದು ಸ್ಕೋಲಿಯೋಮೀಟರ್ ಕೊಡಲಿ. ಅಷ್ಟರವರೆಗೆ ಹತ್ತು ದಾಟಿದ ಮಗಳಿರುವ ಮನೆಯವರು ಆರು ತಿಂಗಳಿಗೊಮ್ಮೆ ತಾವೇ ಬಗ್ಗಿಸಿ ನೋಡಿ. ಒಂದು ಬದಿ ಎತ್ತರ ಕಂಡರೆ ಹಬ್ಬ, ಕೊಯ್ಲು ಮುಗಿಯಲಿ ಎಂದು ಕಾಯದೆ ಶಿರಸಿಗೆ ಕರೆದುಕೊಂಡು ಹೋಗಿ.